ಕಟ್ಟಡದ ಪಾಲು ಟೋಕನ್ನಿನಲ್ಲಿ: ಹಣ ಹೂಡುವ ಮುನ್ನ

ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರಲ್ಲಿ ಹಲವರು ಈಚೆಗೆ ಒಂದು ಹೊಸ ಪ್ರಶ್ನೆಯನ್ನು ಕೇಳತೊಡಗಿದ್ದಾರೆ. ದೂರದ ಯಾವುದೋ ನಗರದಲ್ಲಿರುವ ಮನೆಯ ಸಣ್ಣದೊಂದು ಪಾಲನ್ನು ನಾಲ್ಕೈದು ಸಾವಿರ ರೂಪಾಯಿಗೆ ಕೊಳ್ಳಬಹುದಂತೆ, ಅದರ ಬಾಡಿಗೆ ವಾರವಾರ ಕೈಸೇರುವುದಂತೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಬೇಕಿಲ್ಲವಂತೆ, ಬೇಡವೆನಿಸಿದ ದಿನ ಮಾರಿಬಿಡಬಹುದಂತೆ. ಪೇಟೆಯಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಮೊಬೈಲಿನಲ್ಲಿ ತೋರಿಸಿದ್ದಾರೆ. ಇದಕ್ಕೆ ಬ್ಲಾಕ್‌ಚೈನ್ ಎಂದೂ, ಕೊಳ್ಳುವ ಪಾಲಿಗೆ ಟೋಕನ್ ಎಂದೂ ಹೆಸರು. ಇದು ನಿಜವೇ, ನಂಬಬಹುದೇ ಎಂಬುದು ಪ್ರಶ್ನೆ.

ಕೇಳುವುದಕ್ಕೆ ಕಾರಣವಿದೆ. 2024-25ರ ಹಂಗಾಮಿನಲ್ಲಿ ಕಾಫಿಗೆ ನಾವು ಹಿಂದೆಂದೂ ಕಾಣದಂಥ ಬೆಲೆ ಬಂದು ಕೆಲವರ ಕೈಯಲ್ಲಿ ನಾಲ್ಕು ಕಾಸು ಉಳಿದಿದೆ. ಇತ್ತ ಅಡಿಕೆಯ ಕಡೆ ನೋಡಿದರೆ ಶೃಂಗೇರಿ, ಕೊಪ್ಪ, ಸುಳ್ಯದ ಭಾಗಗಳಲ್ಲಿ ಹಳದಿ ಎಲೆ ರೋಗ ತೋಟಗಳನ್ನೇ ತಿಂದುಹಾಕಿದೆ. ಸಾಲದೆಂಬಂತೆ ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ತೋಟವೊಂದನ್ನೇ ನೆಚ್ಚಿಕೊಂಡು ಕುಳಿತರೆ ಮುಂದೇನು ಎಂದು ಯೋಚಿಸುವವರನ್ನು ನಾವು ಆಕ್ಷೇಪಿಸಲಾರೆವು. ಬಾಡಿಗೆ ಬರುವ ಆಸ್ತಿ ಬೇಕೆಂಬ ಆಸೆ ಸಹಜವಾದದ್ದು. ಆದರೆ ಟೋಕನ್ ಕೊಂಡವನ ಕೈಗೆ ನಿಜವಾಗಿ ಬರುವುದೇನು ಎಂಬುದನ್ನು ಮೊದಲು ತಿಳಿಯಬೇಕು.

ಬ್ಲಾಕ್‌ಚೈನ್ ಎಂದರೆ ಒಂದು ಲೆಕ್ಕದ ಪುಸ್ತಕ. ನಮ್ಮ ಸಂಘದ ರೋಜು ಕೀರ್ದಿ ಕಚೇರಿಯ ಬೀರುವಿನಲ್ಲಿ ಒಂದೇ ಪ್ರತಿ ಇದ್ದರೆ, ಈ ಪುಸ್ತಕದ ಪ್ರತಿಗಳು ಬೇರೆ ಬೇರೆ ಊರುಗಳ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುತ್ತವೆ. ಪ್ರತಿಯೊಂದು ಪುಟವೂ ಹಿಂದಿನ ಪುಟದ ಗುರುತಿನ ಮುದ್ರೆಯನ್ನು ಹೊತ್ತಿರುವುದರಿಂದ ಹಳೆಯ ಪುಟವೊಂದನ್ನು ಯಾರಾದರೂ ತಿದ್ದಿದರೆ ಅದರ ಮುಂದಿನ ಎಲ್ಲ ಪುಟಗಳ ಮುದ್ರೆಯೂ ತಾಳೆಯಾಗದೆ ಕಳ್ಳತನ ಗೊತ್ತಾಗಿಬಿಡುತ್ತದೆ. ಯಾರ ಬಳಿ ಎಷ್ಟು ಟೋಕನ್ ಇದೆ, ಯಾವ ದಿನ ಯಾರಿಂದ ಯಾರಿಗೆ ಹೋಯಿತು ಎಂಬುದು ಇದರಲ್ಲಿ ಅಳಿಸಲಾಗದಂತೆ ದಾಖಲಾಗುತ್ತದೆ. ಇದು ಸಣ್ಣ ಸಾಧನೆಯಲ್ಲ. ಪಹಣಿಯಲ್ಲಿ ಒಂದು ಅಕ್ಷರ ತಪ್ಪಾಗಿ ಅದನ್ನು ಸರಿಪಡಿಸಲು ತಾಲ್ಲೂಕು ಕಚೇರಿಗೆ ವರ್ಷಗಟ್ಟಲೆ ಅಲೆದವರಿಗೆ ಇಂಥ ಪುಸ್ತಕದ ಬೆಲೆ ತಿಳಿಯುತ್ತದೆ.

ಆದರೆ ಪುಸ್ತಕಕ್ಕೆ ಗೊತ್ತಿರುವುದು ಪುಸ್ತಕದಲ್ಲಿ ಬರೆದದ್ದು ಮಾತ್ರ. ಗೋದಾಮಿನ ದಾಸ್ತಾನು ಪುಸ್ತಕದಲ್ಲಿ ನೂರು ಚೀಲ ಅಡಿಕೆ ಎಂದು ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದರೂ ಚೀಲದೊಳಗೆ ಬೂಷ್ಟು ಹಿಡಿದಿದೆಯೇ ಎಂಬುದನ್ನು ಬಿಚ್ಚಿ ನೋಡಿದವನೇ ಹೇಳಬೇಕಲ್ಲವೇ?

ಈ ವ್ಯವಹಾರ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ಡೆಟ್ರಾಯಿಟ್ ನಗರದ ಉದಾಹರಣೆ ನೋಡುವುದು ಒಳ್ಳೆಯದು. ಮನೆಗಳನ್ನು ಟೋಕನ್ ಮಾಡಿ ಮಾರುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದ ಊರುಗಳಲ್ಲಿ ಅದೂ ಒಂದು. ಮೋಟಾರು ಕಾರ್ಖಾನೆಗಳ ಆ ನಗರದಲ್ಲಿ 1950ರಲ್ಲಿ ಹದಿನೆಂಟು ಲಕ್ಷಕ್ಕೂ ಹೆಚ್ಚು ಜನರಿದ್ದರು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ, ಜನ ಗುಳೆ ಹೋಗಿ, 2020ರ ಜನಗಣತಿಯ ಹೊತ್ತಿಗೆ ಉಳಿದವರು ಆರೂ ಮುಕ್ಕಾಲು ಲಕ್ಷಕ್ಕಿಂತ ಕಡಿಮೆ. 2013ರಲ್ಲಿ ನಗರಸಭೆಯೇ ದಿವಾಳಿ ಅರ್ಜಿ ಹಾಕಿತು. ಸಾವಿರಾರು ಮನೆಗಳು ಖಾಲಿ ಬಿದ್ದು ಕಾರಿನ ಬೆಲೆಗೆ ಮಾರಾಟವಾದವು. ಇಂಥ ಅಗ್ಗದ ಮನೆಗಳನ್ನು ಕೊಂಡು, ಪಾಲು ಮಾಡಿ, ಪರದೇಶದವರಿಗೆ ಮಾರಬಹುದೆಂದು ರಿಯಲ್‌ಟಿ ಎಂಬ ಕಂಪನಿ 2019ರಿಂದ ವ್ಯಾಪಾರಕ್ಕಿಳಿಯಿತು. ಒಂದು ಟೋಕನ್ನಿನ ಬೆಲೆ ಸುಮಾರು 50 ಡಾಲರ್. ಬಾಡಿಗೆಯ ಪಾಲನ್ನು ಡಾಲರಿಗೆ ಸರಿಸಮನಾಗಿ ಕಟ್ಟಿದ ಡಿಜಿಟಲ್ ನಾಣ್ಯದಲ್ಲಿ ಕೊಡುತ್ತಿದ್ದರು. ವರ್ಷಕ್ಕೆ ಶೇಕಡಾ ಹತ್ತರ ಆಸುಪಾಸಿನ ಹುಟ್ಟುವಳಿ ತೋರಿಸುತ್ತಿದ್ದರು. ಹಲವು ದೇಶಗಳ ಸಾವಿರಾರು ಮಂದಿ ಕೊಂಡರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಟೋಕನ್ ಕೊಂಡವನ ಹೆಸರು ಡೆಟ್ರಾಯಿಟಿನ ಆಸ್ತಿ ದಾಖಲೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಮನೆಯ ಕ್ರಯಪತ್ರ ಒಂದು ಪುಟ್ಟ ಕಂಪನಿಯ ಹೆಸರಿನಲ್ಲಿರುತ್ತದೆ. ಟೋಕನ್ ಎಂಬುದು ಆ ಪುಟ್ಟ ಕಂಪನಿಯಲ್ಲಿನ ಪಾಲು. ಮನೆಯನ್ನು ನೋಡಿಕೊಳ್ಳಲು ಬೇರೊಬ್ಬ ಗುತ್ತಿಗೆದಾರ. ಹೀಗೆ ಬಾಡಿಗೆದಾರನಿಗೂ ಟೋಕನ್ ಹಿಡಿದವನಿಗೂ ನಡುವೆ ಗುತ್ತಿಗೆದಾರ, ಪುಟ್ಟ ಕಂಪನಿ, ದೊಡ್ಡ ಕಂಪನಿ ಎಂದು ಮೂರು ಕೈಗಳು. ಬ್ಲಾಕ್‌ಚೈನ್ ಈ ಮೂರರಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ.

2025ರ ಜುಲೈಯಲ್ಲಿ ಡೆಟ್ರಾಯಿಟ್ ನಗರಾಡಳಿತ ಈ ಕಂಪನಿ, ಅದರ ಸ್ಥಾಪಕರು ಮತ್ತು ನೂರಕ್ಕೂ ಮಿಕ್ಕ ಪುಟ್ಟ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿತು. ನಾನೂರಕ್ಕೂ ಹೆಚ್ಚು ಆಸ್ತಿಗಳು ದುರಸ್ತಿಯಿಲ್ಲದೆ ವಾಸಕ್ಕೆ ಅಪಾಯಕಾರಿಯಾಗಿವೆ, ಬಾಡಿಗೆಗೆ ಕೊಡಲು ಬೇಕಾದ ಯೋಗ್ಯತಾ ಪತ್ರವಿಲ್ಲ, ದಂಡ ಮತ್ತು ತೆರಿಗೆ ಬಾಕಿ ಇದೆ ಎಂಬುದು ನಗರದ ಆರೋಪ. ಇಂಥ ಮೊಕದ್ದಮೆಗಳಲ್ಲಿ ನಗರದ ಇತಿಹಾಸದಲ್ಲೇ ಇದು ದೊಡ್ಡದೆಂದು ನಗರಾಡಳಿತವೇ ಹೇಳಿತು. ಯೋಗ್ಯತಾ ಪತ್ರವಿಲ್ಲದ ಮನೆಗಳ ಬಾಡಿಗೆ ವಸೂಲಿಗೆ ನ್ಯಾಯಾಲಯ ತಾತ್ಕಾಲಿಕ ನಿರ್ಬಂಧ ಹಾಕಿತು. ಮನೆ ನೋಡಿಕೊಳ್ಳಬೇಕಿದ್ದ ಹಿಂದಿನ ಗುತ್ತಿಗೆದಾರರು ಕೈಕೊಟ್ಟರೆಂದು ಕಂಪನಿಯ ವಾದ. ತಪ್ಪು ಯಾರದೆಂದು ನ್ಯಾಯಾಲಯ ತೀರ್ಮಾನಿಸಲಿ. ನಮಗೆ ಇಲ್ಲಿ ಮುಖ್ಯವಾದದ್ದು ಬೇರೆ. ಮಾಡು ಸೋರುವ ಮನೆಯಲ್ಲಿ ಬಾಡಿಗೆ ಕೊಟ್ಟು ಬದುಕಿದ್ದ ಸಂಸಾರಕ್ಕೆ ದೂರು ಹೇಳಿಕೊಳ್ಳಲು ಒಬ್ಬ ಮಾಲೀಕನ ಮುಖವೇ ಇರಲಿಲ್ಲ; ಫ್ರಾನ್ಸಿನಲ್ಲೋ ಜಪಾನಿನಲ್ಲೋ ಕುಳಿತು ಅದೇ ಮನೆಯ ನೂರನೆಯ ಒಂದು ಪಾಲು ಹಿಡಿದವನಿಗೆ ತನ್ನ ಮನೆಯ ಮಾಡು ಸೋರುತ್ತಿದೆ ಎಂಬ ಸುದ್ದಿಯೇ ಮುಟ್ಟಿರಲಿಲ್ಲ. ಟೋಕನ್ನಿನ ಲೆಕ್ಕ ಮಾತ್ರ ಒಂದು ಚುಕ್ಕೆಯೂ ತಪ್ಪದೆ ನಡೆಯುತ್ತಿತ್ತು. ಆ ರಾಜ್ಯದ ಕಾನೂನಿನಂತೆ ಮೂರು ವರ್ಷ ಆಸ್ತಿ ತೆರಿಗೆ ಬಾಕಿಯಾದರೆ ಸರ್ಕಾರ ಮನೆಯನ್ನು ವಶಪಡಿಸಿಕೊಳ್ಳಬಹುದು. ಹಾಗೆ ಮನೆ ಕೈಬಿಟ್ಟು ಹೋದರೂ ಟೋಕನ್ ಪುಸ್ತಕದಲ್ಲಿ ಭದ್ರವಾಗಿಯೇ ಇರುತ್ತದೆ!

ಹತ್ತು ಜನರ ಪಾಲಿನ ಆಸ್ತಿ ಏನಾಗುತ್ತದೆ ಎಂಬುದನ್ನು ತಿಳಿಯಲು ನಮ್ಮ ಜನ ಡೆಟ್ರಾಯಿಟಿಗೆ ಹೋಗಬೇಕಾಗಿಲ್ಲ. ಜಂಟಿ ಖಾತೆಯ ಹಳೆಯ ದೊಡ್ಡ ಮನೆಗಳನ್ನು ನಮ್ಮ ಪ್ರತಿ ಗ್ರಾಮದಲ್ಲೂ ಕಾಣಬಹುದು. ಅಜ್ಜನ ಕಾಲದ ಮನೆ, ಏಳು ಹಿಸ್ಸೆದಾರರು, ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ಮುಂಬಯಿಯಲ್ಲಿ. ಪಾಲು ಯಾರಿಗೆ ಎಷ್ಟೆಂಬುದರಲ್ಲಿ ತಕರಾರಿಲ್ಲ, ಪಹಣಿಯೂ ಸರಿಯಾಗಿದೆ. ಆದರೂ ಮಳೆಗಾಲಕ್ಕೆ ಮುನ್ನ ಹೆಂಚು ಸರಿಮಾಡಿಸುವವರು ಯಾರು? ಖರ್ಚು ಮೊದಲು ಕೈಯಿಂದ ಹಾಕುವವರು ಯಾರು? ಒಂದು ಹೆಂಚು ಜಾರಿದ್ದು, ಮರುವರ್ಷ ಪಕಾಸಿಗೆ ಗೆದ್ದಲು ಹತ್ತಿದ್ದು, ಅದರ ಮರುವರ್ಷ ಗೋಡೆ ಕುಸಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಪಾಲುಗಾರಿಕೆಯಲ್ಲಿ ಕಷ್ಟದ ಕೆಲಸ ಪಾಲನ್ನು ಬರೆದಿಡುವುದಲ್ಲ, ಪಾಲಿನ ವಸ್ತುವನ್ನು ಸುಸ್ಥಿತಿಯಲ್ಲಿಡುವುದು. ಹೊಸ ತಂತ್ರಜ್ಞಾನ ಬಿಡಿಸಿರುವುದು ಮೊದಲನೆಯ ಗಂಟನ್ನು.

ಹಾಗೆಂದು ಪಾಲುಗಾರಿಕೆಯೇ ಕೆಟ್ಟದ್ದೆನ್ನಲು ನಾವು ಸಿದ್ಧರಿಲ್ಲ. ಸಹಕಾರಿಗಳಾದ ನಾವೇ ಹಾಗೆಂದರೆ ನಗೆಪಾಟಲು. ಅಡಿಕೆ ಬೆಳೆಗಾರರು ಸೇರಿ 1973ರಲ್ಲಿ ಕಟ್ಟಿದ ಕ್ಯಾಂಪ್ಕೋ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ತೆರೆಯಿತು. ಅಲ್ಲಿನ ಗೋಡೆ, ಯಂತ್ರ, ಗೋದಾಮುಗಳಲ್ಲಿ ನಮ್ಮ ನಿಮ್ಮಂಥ ಸಾವಿರಾರು ಬೆಳೆಗಾರರ ಸಣ್ಣ ಸಣ್ಣ ಪಾಲುಗಳೇ ಇವೆ. ವ್ಯತ್ಯಾಸವೆಂದರೆ ಅಲ್ಲಿ ಸದಸ್ಯನಿಗೆ ಒಂದು ಮತವಿದೆ, ವರ್ಷಕ್ಕೊಮ್ಮೆ ಸಾಮಾನ್ಯ ಸಭೆಯಿದೆ, ಲೆಕ್ಕ ಪರಿಶೋಧನೆಯಿದೆ, ಎದ್ದು ನಿಂತು ಕೇಳಬಹುದಾದ ಅಧ್ಯಕ್ಷರಿದ್ದಾರೆ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಸಹಕಾರ ಸಂಘದ ಷೇರನ್ನು ಮುಖಬೆಲೆಗಿಂತ ಹೆಚ್ಚಿಗೆ ಮಾರಿ ಲಾಭ ಮಾಡಿಕೊಳ್ಳಲು ಬರುವುದಿಲ್ಲ. ಆಸ್ತಿಯ ಬೆಲೆ ಏರಿದಂತೆ ಪಾಲಿನ ಬೆಲೆಯೂ ಏರಬೇಕೆನ್ನುವವರಿಗೆ ಸಂಘದ ಷೇರು ತಕ್ಕದ್ದಲ್ಲ.

ಐವತ್ತು ದಾಟಿದ ಕಾಫಿ ಬೆಳೆಗಾರರಿಗೆ ಕಾಫಿ ಬೋರ್ಡಿನ ಪೂಲ್ ನೆನಪಿರಬಹುದು. ಬೆಳೆದ ಕಾಫಿಯನ್ನೆಲ್ಲ ಪೂಲಿಗೆ ಕೊಟ್ಟು ರಸೀದಿ ಪಡೆದು, ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಬರುವುದನ್ನು ಕಾಯಬೇಕಿತ್ತು. ನಮ್ಮ ಚೀಲ ಯಾವುದು, ಅದು ಯಾವ ಬೆಲೆಗೆ ಹೋಯಿತು ಎಂದು ಯಾರೂ ಹೇಳಲಾರರು. ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ಬೆಳೆ ಕಣಕ್ಕೆ ಬಂದಿರುತ್ತಿತ್ತು. ಆ ವ್ಯವಸ್ಥೆಯನ್ನು ಬಯ್ಯುವವರಿದ್ದಾರೆ, ಹೊಗಳುವವರೂ ಇದ್ದಾರೆ. 1996ರಲ್ಲಿ ಅದು ಪೂರ್ತಿ ಮುಗಿಯಿತು. ಆದರೆ ಪೂಲಿನ ಹಿಂದೆ ಕಾನೂನಿತ್ತು, ಬೋರ್ಡಿತ್ತು, ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಕೇಳಬಹುದಿತ್ತು. ಟೋಕನ್ ಕಂಪನಿಯ ಹಿಂದೆ ಇರುವುದು ಕರಾರು ಪತ್ರ. ಆ ಪತ್ರ ಬಹುಪಾಲು ಪರದೇಶದ ಕಾನೂನಿಗೆ ಒಳಪಟ್ಟಿರುತ್ತದೆ. ವಿವಾದವಾದರೆ ಯಾವ ಊರಿನ ನ್ಯಾಯಾಲಯ ಎಂಬ ಸಾಲು ಅದರ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಡೆಟ್ರಾಯಿಟಿಗೋ ದುಬೈಗೋ ಹೋಗಿ ವಕೀಲರನ್ನಿಟ್ಟು ಐದು ಸಾವಿರ ರೂಪಾಯಿ ವಸೂಲು ಮಾಡುವ ಬೆಳೆಗಾರನನ್ನು ನಾವು ಇನ್ನೂ ಕಂಡಿಲ್ಲ.

ಶೇಕಡಾ ಹತ್ತರ ಹುಟ್ಟುವಳಿ ಎಂಬ ಮಾತನ್ನೂ ಸ್ವಲ್ಪ ಕಾಗದದ ಮೇಲೆ ಹಾಕಿ ನೋಡೋಣ. ಇದು ಲೆಕ್ಕಕ್ಕಾಗಿ ನಾವೇ ಹಾಕಿಕೊಂಡ ಉದಾಹರಣೆ. ಒಂದು ಮನೆಯನ್ನು 50 ಡಾಲರಿನ 1,600 ಟೋಕನ್ನುಗಳಾಗಿ ಮಾರಿದರೆಂದರೆ ಒಟ್ಟು 80,000 ಡಾಲರ್. ತಿಂಗಳ ಬಾಡಿಗೆ 1,000, ವರ್ಷಕ್ಕೆ 12,000. ಆಸ್ತಿ ತೆರಿಗೆ 2,000, ವಿಮೆ 1,000, ನಿರ್ವಹಣೆಗೆಂದು ಬಾಡಿಗೆಯ ಶೇಕಡಾ 10ರಂತೆ 1,200 ಕಳೆದರೆ ಉಳಿಯುವುದು 7,800. ಅಂದರೆ ಶೇಕಡಾ 9.75. ಜಾಹೀರಾತಿನಲ್ಲಿ ಕಾಣುವುದು ಈ ಅಂಕಿ. ಒಂದು ವರ್ಷ ಮನೆ ಮೂರು ತಿಂಗಳು ಖಾಲಿಬಿದ್ದು, ಮಾಡಿನ ದುರಸ್ತಿಗೆ 8,000 ಬೇಕಾಯಿತೆನ್ನಿ. ಬಾಡಿಗೆ 9,000, ತೆರಿಗೆ, ವಿಮೆ, ನಿರ್ವಹಣೆ ಕಳೆದು 5,100, ದುರಸ್ತಿ ಕಳೆದರೆ 2,900 ಡಾಲರ್ ಕೈಯಿಂದ ಹೋಗುತ್ತದೆ. ಮನೆಯೊಂದೇ, ಬಾಡಿಗೆದಾರನೊಬ್ಬನೇ ಆದಾಗ ಒಂದು ಮಾಡು ಸೋರಿದರೆ ವರ್ಷದ ಫಸಲೇ ಹೋದಂತೆ. ಹಾಗೆಯೇ ಟೋಕನ್ನಿನ ಒಟ್ಟು ಬೆಲೆಯಲ್ಲಿ ಮನೆ ಕೊಂಡ ಬೆಲೆ ಎಷ್ಟು, ಕಂಪನಿಯ ಶುಲ್ಕ ಎಷ್ಟು, ದುರಸ್ತಿಗೆಂದು ಮೀಸಲಿಟ್ಟದ್ದು ಎಷ್ಟು ಎಂಬುದನ್ನು ಬಿಡಿಸಿ ನೋಡಬೇಕು. ಕೊಂಡ ದಿನವೇ ನೂರರಲ್ಲಿ ಹತ್ತು ಹನ್ನೆರಡು ರೂಪಾಯಿ ಶುಲ್ಕಕ್ಕೆ ಹೋಗಿದ್ದರೆ ಮೊದಲ ವರ್ಷದ ಬಾಡಿಗೆ ನಮ್ಮದೇ ಹಣ ನಮಗೆ ತಿರುಗಿ ಬಂದಂತೆ.

ಬೇಕಾದಾಗ ಮಾರಬಹುದೆಂಬ ಮಾತಿಗೂ ಇಷ್ಟೇ ಬೆಲೆ. ಮಾರಲು ಕೊಳ್ಳುವವನಿರಬೇಕು. ಟೆಂಡರಿಗೆ ವ್ಯಾಪಾರಿಗಳು ಬಾರದ ದಿನ ಮಂಡಿಯಲ್ಲಿ ರಾಶಿ ಹಾಕಿ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುರ್ತಿಗೆ ಅಡಿಕೆಯ ಮೇಲೆ ಸಂಘದಲ್ಲಿ ಸಾಲ ಸಿಗುತ್ತದೆ, ಪಹಣಿಯ ಮೇಲೆ ಬೆಳೆ ಸಾಲ ಸಿಗುತ್ತದೆ. ಟೋಕನ್ನನ್ನು ಭದ್ರತೆಯಾಗಿ ಹಿಡಿಯುವ ಏರ್ಪಾಡು ನಮ್ಮ ಸಂಘದಲ್ಲಂತೂ ಇಲ್ಲ. ಇನ್ನು ಯಜಮಾನರು ತೀರಿಕೊಂಡರೆ ಜಮೀನಿಗೆ ಪೌತಿ ಖಾತೆಯ ದಾರಿಯಿದೆ. ಟೋಕನ್ನಿನ ಗುಪ್ತ ಸಂಕೇತ ಅವರೊಬ್ಬರಿಗೇ ಗೊತ್ತಿದ್ದರೆ? ಕೆಲವು ಕಂಪನಿಗಳು ಗುರುತು ಪರಿಶೀಲಿಸಿ ಬದಲಿ ಟೋಕನ್ ಕೊಡುವ ಏರ್ಪಾಡು ಇಟ್ಟುಕೊಂಡಿವೆ, ಎಲ್ಲವೂ ಅಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 54ನೆಯ ಕಲಮಿನ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯ ನೋಂದಾಯಿತ ಪತ್ರದಿಂದಲೇ ಆಗಬೇಕು. ಮೊಬೈಲಿನಲ್ಲಿ ಟೋಕನ್ ಬಂದ ಮಾತ್ರಕ್ಕೆ ಬೆಂಗಳೂರಿನ ಒಂದು ಚದರ ಅಡಿಯೂ ನಮ್ಮದಾಗುವುದಿಲ್ಲ. ದುಬೈಯ ಭೂ ಇಲಾಖೆ ಮಾತ್ರ ಬೇರೆ ದಾರಿ ಹಿಡಿದಿದೆ. 2025ರ ಮೇ ತಿಂಗಳಲ್ಲಿ ತಾನೇ ಮುಂದೆ ನಿಂತು, ಹಕ್ಕುಪತ್ರದ ದಾಖಲೆಯನ್ನೇ ಬ್ಲಾಕ್‌ಚೈನಿಗೆ ಜೋಡಿಸಿ, 2,000 ದಿರ್ಹಾಮಿನಿಂದ ಪಾಲು ಕೊಳ್ಳುವ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಮೊದಲ ಹಂತದಲ್ಲಿ ಅಲ್ಲಿನ ಗುರುತಿನ ಚೀಟಿ ಇದ್ದವರಿಗೆ ಮಾತ್ರ ಅವಕಾಶ. ಸರ್ಕಾರದ ದಾಖಲೆಯೂ ಟೋಕನ್ನಿನ ಪುಸ್ತಕವೂ ಒಂದೇ ಆದಾಗ ಮೇಲೆ ಹೇಳಿದ ದೋಷಗಳಲ್ಲಿ ದೊಡ್ಡದೊಂದು ಇಲ್ಲವಾಗುತ್ತದೆ. ಕೊಲ್ಲಿ ದೇಶದಲ್ಲಿ ದುಡಿಯುತ್ತಿರುವ ನಮ್ಮ ಕರಾವಳಿಯ ಮಕ್ಕಳು ಅದನ್ನು ಗಮನಿಸಿ ನೋಡಬಹುದು.

ಕಟ್ಟಡದ ಪಾಲೇ ಬೇಕೆಂಬ ಸದಸ್ಯರಿಗೆ ಇಲ್ಲಿಯೇ ಕಾಯಿದೆಬದ್ಧ ದಾರಿಗಳಿವೆ, ಅವುಗಳಿಗೆ ಬ್ಲಾಕ್‌ಚೈನ್ ಬೇಕಿಲ್ಲ. ರೀಟ್ ಎಂಬ ಆಸ್ತಿ ಟ್ರಸ್ಟುಗಳಿಗೆ ಸೆಬಿ 2014ರಲ್ಲಿ ನಿಯಮ ಮಾಡಿತು. ಮೊದಲನೆಯದಾದ ಎಂಬೆಸಿ ಟ್ರಸ್ಟು 2019ರಲ್ಲಿ ಷೇರು ಪೇಟೆಗೆ ಬಂತು. ಅದರ ಕಚೇರಿ ಕಟ್ಟಡಗಳಲ್ಲಿ ದೊಡ್ಡ ಭಾಗ ಬೆಂಗಳೂರಿನವೇ. 2021ರಿಂದ ಒಂದೇ ಒಂದು ಯೂನಿಟ್ಟನ್ನೂ ಷೇರಿನಂತೆ ಕೊಂಡು ಮಾರಬಹುದು. 2024ರ ಮಾರ್ಚಿನಲ್ಲಿ ಸೆಬಿ ಸಣ್ಣ ಮತ್ತು ಮಧ್ಯಮ ರೀಟ್‌ಗಳಿಗೂ ನಿಯಮ ತಂದಿತು: ಆಸ್ತಿ 50 ಕೋಟಿಗೆ ಕಡಿಮೆಯಿಲ್ಲದೆ 500 ಕೋಟಿಯೊಳಗಿರಬೇಕು, ಕನಿಷ್ಠ 200 ಹೂಡಿಕೆದಾರರಿರಬೇಕು, ಶೇಕಡಾ 95 ಭಾಗ ಕಟ್ಟಿ ಮುಗಿದು ಬಾಡಿಗೆ ಬರುತ್ತಿರುವ ಆಸ್ತಿಯೇ ಆಗಿರಬೇಕು. ಅದರಡಿ ಮೊದಲು ಬಂದದ್ದೂ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿ ಕಟ್ಟಡವೇ, 2024ರ ಡಿಸೆಂಬರಿನಲ್ಲಿ, ರೂ. 353 ಕೋಟಿಯದು. ಆದರೆ ಇದರಲ್ಲಿ ಒಬ್ಬ ಹೂಡಿಕೆದಾರ ಹಾಕಬೇಕಾದ ಕನಿಷ್ಠ ಮೊಬಲಗು ರೂ. 10 ಲಕ್ಷ. ನಮ್ಮ ಎರಡೆಕರೆಯ ಸದಸ್ಯರಿಗೆ ಇದು ನಿಲುಕದ ಕೊನೆ. ಇವುಗಳಲ್ಲೂ ಬಾಡಿಗೆದಾರ ಬಿಟ್ಟುಹೋದರೆ ಆದಾಯ ಇಳಿಯುತ್ತದೆ, ಯೂನಿಟ್ಟಿನ ಬೆಲೆಯೂ ಇಳಿಯಬಹುದು. ಆದರೆ ಟ್ರಸ್ಟಿ ಇದ್ದಾರೆ, ಸ್ವತಂತ್ರ ಮೌಲ್ಯಮಾಪನವಿದೆ, ದೂರು ಕೊಡಲು ಒಂದು ವಿಳಾಸವಿದೆ.

ಈ ವಿಳಾಸದ ಮಾತನ್ನು ನಾವು ಒತ್ತಿ ಹೇಳುವುದಕ್ಕೆ ಹಳೆಯ ಕಾರಣವಿದೆ. 1990ರ ದಶಕದಲ್ಲಿ ತೇಗದ ಗಿಡದ ಪಾಲು ಮಾರಿದ ಕಂಪನಿಗಳ ಬಣ್ಣದ ಕಾಗದಗಳು ಎಷ್ಟೋ ಮನೆಯ ಪೆಟ್ಟಿಗೆಗಳಲ್ಲಿ ಇನ್ನೂ ಇರಬಹುದು. ಅಂಥವನ್ನು ಹತೋಟಿಗೆ ತರಲು ಸೆಬಿಯ ಸಾಮೂಹಿಕ ಹೂಡಿಕೆ ನಿಯಮ ಬಂದದ್ದು 1999ರಲ್ಲಿ. ಆ ಮೇಲೂ ಜಮೀನಿನ ಹೆಸರಿನಲ್ಲಿ ದೇಶದ ಕೋಟ್ಯಂತರ ಜನರಿಂದ ಹಣ ಎತ್ತಿದ ಪಿಎಸಿಎಲ್ ಕಂಪನಿಗೆ ರೂ. 49,100 ಕೋಟಿ ಹಿಂದಿರುಗಿಸುವಂತೆ 2014ರಲ್ಲಿ ಆದೇಶವಾಯಿತು. ಆಸ್ತಿ ಮಾರಿ ಹಂಚಲು ಸುಪ್ರೀಂ ಕೋರ್ಟು 2016ರಲ್ಲಿ ನ್ಯಾಯಮೂರ್ತಿ ಲೋಧಾ ಸಮಿತಿಯನ್ನು ನೇಮಿಸಬೇಕಾಯಿತು. ಆಗ ಕಾಗದದ ಸರ್ಟಿಫಿಕೇಟು, ಈಗ ಟೋಕನ್.

ತೆರಿಗೆಯ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇವೆ. ಅಡಿಕೆಯ ಆದಾಯ ಕೃಷಿ ಆದಾಯ. ಟೋಕನ್ನಿನ ಬಾಡಿಗೆ ಹಾಗಲ್ಲ. ಟೋಕನ್ ವರ್ಚುವಲ್ ಡಿಜಿಟಲ್ ಆಸ್ತಿಯೆಂದು ಪರಿಗಣಿತವಾದರೆ 2022ರ ಏಪ್ರಿಲ್‌ನಿಂದ ಬಂದ ನಿಯಮದಂತೆ ಮಾರಿದ ಲಾಭಕ್ಕೆ ಶೇಕಡಾ 30 ತೆರಿಗೆ, ನಷ್ಟವಾದರೆ ಅದನ್ನು ಬೇರೆ ಆದಾಯದಲ್ಲಿ ಕಳೆದುಕೊಳ್ಳುವಂತಿಲ್ಲ. ಪರದೇಶದ ಆಸ್ತಿಯಾದರೆ ರಿಟರ್ನಿನಲ್ಲಿ ತೋರಿಸಬೇಕು. ಮಗ ಕೊಡಿಸಿದ್ದು, ನಮಗೆ ಗೊತ್ತಿರಲಿಲ್ಲ ಎಂದರೆ ಇಲಾಖೆ ಕೇಳುವುದಿಲ್ಲ.

ಯಾವುದೇ ಟೋಕನ್ನಿಗೆ ಹಣ ಕಟ್ಟುವ ಮುನ್ನ ಸದಸ್ಯರು ಕಂಪನಿಯಿಂದ ಕೇಳಿ ಪಡೆಯಬೇಕಾದವು ಕೆಲವಿವೆ: ಕ್ರಯಪತ್ರ ಯಾರ ಹೆಸರಿನಲ್ಲಿದೆ ಎಂಬುದಕ್ಕೆ ನಕಲು, ಕಳೆದ ವರ್ಷದ ತೆರಿಗೆ ರಸೀದಿ, ಬಾಡಿಗೆ ಕರಾರು, ನಿರ್ವಹಣೆ ಮಾಡುವವರ ಹೆಸರು, ಕಂಪನಿ ಮುಚ್ಚಿದರೆ ಮನೆ ಯಾರ ವಶಕ್ಕೆ ಹೋಗುತ್ತದೆಂಬ ಕರಾರಿನ ಸಾಲು. ಇವನ್ನು ಕೊಡಲು ಹಿಂದುಮುಂದು ನೋಡುವ ಕಂಪನಿಯ ಬಳಿ ಮುಂದೆ ಮಾತು ಬೆಳೆಸಬೇಕಾಗಿಲ್ಲ. ಕಾಗದಗಳು ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ ಅಚ್ಚು ಹಾಕಿಸಿಕೊಂಡು ಕಚೇರಿಗೆ ತನ್ನಿ, ಕುಳಿತು ಓದಿ ಹೇಳುತ್ತೇವೆ. ತೂಕದ ದಿನಗಳಲ್ಲಿ ಬೇಡ. ಉಳಿದ ದಿನ ಮಧ್ಯಾಹ್ನದ ಮೇಲೆ ಬಂದರೆ ಅನುಕೂಲ. ಫೋನು ಕಾಣಿಸಬೇಕಾದ ಸಂದರ್ಭವಿದ್ದರೆ ಮಗನನ್ನೋ ಮಗಳನ್ನೋ ಜೊತೆಯಲ್ಲಿ ಕರೆತನ್ನಿ.